ಗಣಕ ವಿಜ್ಞಾನದ ವ್ಯಾಸಂಗ

ಪುಣೆಯಿಂದ ಹೈದರಾಬಾದಿಗೆ ಸಾಗುವ ಹೆದ್ದಾರಿಯು ಬಸವಕಲ್ಯಾಣ ತಾಲ್ಲೂಕನ್ನು ಹಾದು ಹುಮನಾಬಾದನ್ನು ಮುಟ್ಟುತ್ತದೆ. ಕೂಲಿಗಾಗಿಯೂ ವ್ಯಾಪಾರಕ್ಕಾಗಿಯೂ ಜನರು ಊರು ಬಿಟ್ಟು ಹೋಗುತ್ತಿದ್ದ ಈ ದಾರಿಯಲ್ಲಿ ಇಂದು ಗಣಕ ವಿಜ್ಞಾನವನ್ನು ಓದಿದ ತರುಣ ತರುಣಿಯರೂ ಪ್ರಯಾಣ ಮಾಡುತ್ತಾರೆ. ಈ ಸೀಮೆಯವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಅವರು ಓದುವ ಶಾಸ್ತ್ರವಾದರೂ ಎಂತಹುದು?

ಗಣಕಯಂತ್ರವನ್ನು ನಡೆಸಬಲ್ಲವನೇ ಗಣಕ ವಿಜ್ಞಾನಿಯೆಂಬ ಭಾವನೆ ಹಲವರಲ್ಲಿದೆ. ಗಡಿಯಾರ ನೋಡಬಲ್ಲವನನ್ನು ಗಡಿಯಾರ ಮಾಡಬಲ್ಲವನೆಂದು ಎಣಿಸಿದಂತೆ ಇದು. ಒಂದು ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಮೊದಲು ಅದನ್ನು ಸಂದೇಹಕ್ಕೆ ಎಡೆಯಿಲ್ಲದ ಸಣ್ಣ ಸಣ್ಣ ಹೆಜ್ಜೆಗಳಾಗಿ ಬಿಡಿಸಬೇಕು. ಯಾವ ಕ್ರಮವು ಬೇಗ ಗುರಿ ಮುಟ್ಟಿಸುವುದೆಂದು ತೂಗಿ ನೋಡಬೇಕು. ಈ ವಿವೇಚನೆಯೇ ಶಾಸ್ತ್ರದ ತಿರುಳು.

ಕಲ್ಯಾಣದ ನೆಲದಿಂದಲೇ ಒಂದು ನಿದರ್ಶನವನ್ನು ಕೊಡಬಹುದು. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ನೆರೆದ ಶರಣರೂ ಅವರ ಅನಂತರದವರೂ ರಚಿಸಿದ ವಚನಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚಿನವು ನಮಗೆ ದೊರೆತಿವೆ. ಅವುಗಳಲ್ಲಿ ‘ಕಾಯಕ’ ಎಂಬ ಮಾತು ಎಲ್ಲೆಲ್ಲಿ ಬಂದಿದೆಯೆಂದು ತಿಳಿಯಬಯಸಿದ ವಿದ್ವಾಂಸನು ಹಿಂದೆ ಸಂಪುಟ ಸಂಪುಟಗಳನ್ನೇ ತಿರುವಿಹಾಕಬೇಕಾಗಿತ್ತು. ಸಾಹಿತ್ಯ ಬಲ್ಲವರೂ ಗಣಕ ಬಲ್ಲವರೂ ಕೂಡಿ ರೂಪಿಸಿದ ‘ವಚನ ಸಂಚಯ’ವೆಂಬ ಜಾಲತಾಣದಲ್ಲಿ ಈಗ ಅದು ಕ್ಷಣಮಾತ್ರದ ಕೆಲಸ.

ಯಂತ್ರವು ಬಲ್ಲುದು ಸಂಖ್ಯೆಯನ್ನು ಮಾತ್ರ. ಆದುದರಿಂದ ಕನ್ನಡದ ಅಕ್ಷರಗಳಿಗೆ ಮೊದಲು ಸಂಖ್ಯೆಗಳನ್ನು ಕೊಡಬೇಕಾಯಿತು. 1991ರಲ್ಲಿ ಹೊರಬಂದ ಯೂನಿಕೋಡ್ ಎಂಬ ಏರ್ಪಾಡಿನಲ್ಲಿ ‘ಕ’ಕಾರದ ಸಂಖ್ಯೆ 3221. ಇನ್ನು ಹುಡುಕುವ ಬಗೆ. ಅಕಾರಾದಿಯಾಗಿ ಜೋಡಿಸಿದ 20,000 ಪದಗಳ ಪಟ್ಟಿಯೊಂದಿದೆ ಎನ್ನಿ. ಮೊದಲಿನಿಂದ ಒಂದೊಂದಾಗಿ ನೋಡುತ್ತ ಹೋದರೆ ಕೊನೆಯ ಪದಕ್ಕೆ 20,000 ನೋಟಗಳು ಬೇಕು. ನಡುವಿನ ಪದವನ್ನು ನೋಡಿ, ಬೇಕಾದುದು ಅದಕ್ಕೆ ಹಿಂದೋ ಮುಂದೋ ಎಂದು ನಿಶ್ಚಯಿಸಿ, ಉಳಿದ ಅರ್ಧವನ್ನು ಪ್ರತಿ ಸಲವೂ ಕೈಬಿಡುತ್ತ ಬಂದರೆ 15 ನೋಟಗಳೊಳಗೆ ಪದ ಸಿಕ್ಕುತ್ತದೆ. ನಿಘಂಟನ್ನು ತೆರೆಯುವ ಜಾಣ ಹುಡುಗಿ ಮಾಡುವುದೂ ಹೆಚ್ಚುಕಡಿಮೆ ಇದನ್ನೇ.

ಈ ವಿದ್ಯೆಗೆ ಗಣಿತವೇ ಬುನಾದಿ. ಪದವಿಪೂರ್ವ ತರಗತಿಯಲ್ಲಿ ಭೌತಶಾಸ್ತ್ರ ಗಣಿತಗಳನ್ನು ಓದಿ, ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದವರು ನಾಲ್ಕು ವರ್ಷಗಳ ಇಂಜಿನಿಯರಿಂಗ್ ಪದವಿಗೆ ಸೇರಬಹುದು. ಹತ್ತನೆಯ ತರಗತಿಯ ಅನಂತರ ಮೂರು ವರ್ಷಗಳ ಡಿಪ್ಲೊಮಾ ಮುಗಿಸಿ ಪದವಿಯ ಎರಡನೆಯ ವರ್ಷಕ್ಕೆ ಸೇರುವ ದಾರಿಯೂ ಉಂಟು. ಇಂಜಿನಿಯರಿಂಗ್ ಕಾಲೇಜುಗಳು ಬಸವಕಲ್ಯಾಣ, ಭಾಲ್ಕಿ, ಬೀದರಗಳಲ್ಲಿಯೇ ಇವೆ. 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371(ಜೆ) ವಿಧಿಯ ಫಲವಾಗಿ ಈ ಭಾಗದ ವಿದ್ಯಾರ್ಥಿಗಳಿಗೆ ಸೀಟುಗಳಲ್ಲಿ ಮೀಸಲಾತಿಯೂ ದೊರೆತಿದೆ.

ಆದರೆ ಸೀಟು ದೊರೆತ ಮಾತ್ರಕ್ಕೆ ಕಷ್ಟ ತೀರಲಿಲ್ಲ. ಕನ್ನಡದಲ್ಲಿ ಓದಿ ಬಂದವರಿಗೆ ಮೊದಲ ವರ್ಷದಲ್ಲಿ ಇಂಗ್ಲಿಷ್ ಪಠ್ಯಗಳು ಕಬ್ಬಿಣದ ಕಡಲೆ. ಗಣಿತದ ಲೆಕ್ಕವನ್ನು ಸರಿಯಾಗಿ ಬಿಡಿಸಬಲ್ಲವನೂ ತರಗತಿಯಲ್ಲಿ ಬಾಯಿ ತೆರೆಯಲು ಅಳುಕಿ ತನ್ನನ್ನು ದಡ್ಡನೆಂದೇ ಬಗೆಯುತ್ತಾನೆ. ಇದು ಭಾಷೆಯ ತೊಡಕೇ ಹೊರತು ಬುದ್ಧಿಯ ಕೊರತೆಯಲ್ಲ. ಇದನ್ನು ಬೇಗ ತಿಳಿಯದೆ ಓದನ್ನು ಬಿಡುವವರ ನಷ್ಟ ಸಣ್ಣದಲ್ಲ.

ವ್ಯಾಸಂಗ ಮುಗಿಸಿದವರು ತಂತ್ರಾಂಶಗಳನ್ನು ಬರೆಯುವವರಾಗಿ, ಅವುಗಳ ತಪ್ಪುಗಳನ್ನು ಪರೀಕ್ಷಿಸುವವರಾಗಿ, ಮಾಹಿತಿಯನ್ನು ಕಳ್ಳರಿಂದ ಕಾಯುವವರಾಗಿ, ಅಧ್ಯಾಪಕರಾಗಿ ದುಡಿಯುತ್ತಾರೆ. ಎಲ್ಲ ಕೆಲಸವೂ ಮಹಾನಗರದ ಕಂಪನಿಗಳದ್ದೇ ಅಲ್ಲ. ಬ್ಯಾಂಕು, ಆಸ್ಪತ್ರೆ, ರೈಲ್ವೆಗಳ ವ್ಯವಹಾರವೆಲ್ಲ ಗಣಕವನ್ನು ಆಶ್ರಯಿಸಿದೆ. ತೊಗರಿ ಬೆಳೆಯುವ ರೈತನು ಇಂದು ಪಡೆಯುವ ಪಹಣಿಯೂ ‘ಭೂಮಿ’ ಯೋಜನೆಯ ಗಣಕದಿಂದಲೇ ಬರುತ್ತದೆ. ಅದರಲ್ಲಿ ಅವನ ಹೆಸರು, ಸರ್ವೆ ನಂಬರು, ಎಕರೆ ಗುಂಟೆಗಳು ಕನ್ನಡದಲ್ಲಿಯೇ ಮುದ್ರಿತವಾಗಿರುತ್ತವೆ.