ಡೀಸೆಲ್‌ನಲ್ಲಿ ನೀರು: ಹಾಲಿನ ಗಾಡಿ ನಿಲ್ಲುವ ಮೊದಲೇ ಗುರುತಿಸಿ



ಸಂಘಕ್ಕೆ ಹಾಲು ಅಳೆದು ಕೊಟ್ಟರೆ ನಮ್ಮ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ಆದರೆ ಆ ಹಾಲು ಶಿವಮೊಗ್ಗ–ಭದ್ರಾವತಿ ನಡುವಿನ ಮಾಚೇನಹಳ್ಳಿ ಡೇರಿ ತಲುಪಬೇಕಲ್ಲ. ಕರೆದಾಗ ಸುಮಾರು 37 ಡಿಗ್ರಿ ಸೆಲ್ಸಿಯಸ್ ಇರುವ ಹಾಲನ್ನು 4 ಡಿಗ್ರಿಗೆ ತಣಿಸುವವರೆಗೆ ಸೂಕ್ಷ್ಮಾಣುಗಳು ಬೆಳೆಯುತ್ತಲೇ ಇರುತ್ತವೆ. ಕ್ಯಾನ್ ಹೊತ್ತ ಗಾಡಿ ದಾರಿಯಲ್ಲಿ ಕೆಟ್ಟು ನಿಂತರೆ ಹಾಲು ಹುಳಿಯಾಗಿ, ನಷ್ಟ ನಮ್ಮ ಬಟವಾಡೆಗೇ ಬರುತ್ತದೆ. ಮಳೆಗಾಲದಲ್ಲಿ ಗಾಡಿ ಕೈಕೊಡಲು ಒಂದು ಕಾರಣ ಡೀಸೆಲ್‌ನಲ್ಲಿ ಸೇರಿದ ನೀರು. ಬಿ.ಎಂ.ಸಿ. ಘಟಕದ ಜನರೇಟರ್‌ಗೂ ಇದೇ ಮಾತು ಅನ್ವಯಿಸುತ್ತದೆ.

ನೀರು ಸೇರುವುದು ಹೇಗೆ?

ಅರ್ಧ ಖಾಲಿ ಟ್ಯಾಂಕಿನೊಳಗಿನ ಗಾಳಿಯ ತೇವ ರಾತ್ರಿ ತಂಪಿಗೆ ಹನಿಗಟ್ಟಿ ಕೆಳಗಿಳಿಯುತ್ತದೆ. ಮುಚ್ಚಳದ ವಾಷರ್ ಸವೆದಿದ್ದರೆ ಮಳೆನೀರು ಒಳಸೇರುತ್ತದೆ. ನೆಟ್ಟಗೆ ನಿಲ್ಲಿಸಿದ ಬ್ಯಾರಲ್‌ನ ಮೇಲೆ ನಿಂತ ನೀರೂ ಬಿರಡೆಯ ಸಂದಿಯಿಂದ ಇಳಿಯುತ್ತದೆ.

ಲಕ್ಷಣಗಳು

• ಬೆಳಿಗ್ಗೆ ಬೇಗ ಸ್ಟಾರ್ಟ್ ಆಗುವುದಿಲ್ಲ.
• ಏರು ಹತ್ತುವಾಗ ಜಗ್ಗುತ್ತದೆ, ಎಳೆಯುವ ಶಕ್ತಿ ಕಡಿಮೆಯಾಗುತ್ತದೆ.
• ಬಿಳಿ ಹೊಗೆ ಬರುತ್ತದೆ, ಎಂಜಿನ್ ತಡೆತಡೆದು ಓಡುತ್ತದೆ.
• ಡೀಸೆಲ್ ಫಿಲ್ಟರ್ ಪದೇ ಪದೇ ಕಟ್ಟಿಕೊಳ್ಳುತ್ತದೆ, ಅದರಲ್ಲಿ ಕಪ್ಪು ಲೋಳೆ ಕಾಣುತ್ತದೆ.

ಇಷ್ಟರಿಂದಲೇ ನೀರು ಎಂದು ತೀರ್ಮಾನಿಸಬೇಡಿ. ಕಪ್ಪು ಹೊಗೆ ಬಂದರೆ ಮೊದಲು ಏರ್ ಫಿಲ್ಟರ್ ನೋಡಿಸಿ. ಬಿಳಿ ಹೊಗೆಯ ಜೊತೆಗೆ ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ದೋಷ ಎಂಜಿನ್‌ನಲ್ಲೇ ಇರಬಹುದು. ಖಚಿತವಾಗಬೇಕಾದರೆ ಬಾಟಲಿ ಪರೀಕ್ಷೆ ಮಾಡಬೇಕು.

ಬಾಟಲಿ ಪರೀಕ್ಷೆ

ಹಾಲಿಗೆ ಬೆರೆತ ನೀರು ಕಣ್ಣಿಗೆ ಕಾಣದು, ಅದಕ್ಕೇ ಲ್ಯಾಕ್ಟೋಮೀಟರ್ ಬೇಕು. ಡೀಸೆಲ್ ಹಾಗಲ್ಲ. ಸಾರಿನ ಮೇಲೆ ಎಣ್ಣೆ ತೇಲುವಂತೆ ಡೀಸೆಲ್ ಮೇಲೆ ನಿಲ್ಲುತ್ತದೆ, ಭಾರವಾದ ನೀರು ತಳಕ್ಕಿಳಿಯುತ್ತದೆ.

1. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಪರೀಕ್ಷಿಸಿ. ಹತ್ತಿರ ಬೆಂಕಿ, ಬೀಡಿ ಇರಬಾರದು.
2. ಡೀಸೆಲ್ ಫಿಲ್ಟರ್ ತಳದ ಡ್ರೈನ್ ಸ್ಕ್ರೂವನ್ನು ಚಾಲಕರು ಸಡಿಲಿಸಿ, ಬಿಳಿ ಗಾಜಿನ ಬಾಟಲಿಗೆ ಅರ್ಧದಷ್ಟು ಹಿಡಿಯಲಿ.
3. ಅರ್ಧ ಗಂಟೆ ಅಲುಗಾಡಿಸದೆ ಇಡಿ.
4. ತಳದಲ್ಲಿ ಬೇರೆಯೇ ಪದರ ಕಂಡರೆ ಅದು ನೀರು. ಡೀಸೆಲ್ ತಿಳಿಯಾಗದೆ ಮಸುಕಾಗಿಯೇ ಉಳಿದರೂ ನೀರಿನಂಶದ ಅನುಮಾನ ಇರಲಿ.
5. ನೀರಿದ್ದರೆ ಟ್ಯಾಂಕಿನ ತಳದಿಂದಲೂ ಹೀಗೆಯೇ ತೆಗೆದು ನೋಡಿಸಿ. ಅಲ್ಲೂ ಸಿಕ್ಕರೆ ಫಿಲ್ಟರ್ ಬದಲಿಸಿದರಷ್ಟೇ ಸಾಲದು, ಟ್ಯಾಂಕನ್ನೇ ಖಾಲಿ ಮಾಡಿ ತೊಳೆಸಬೇಕು.

ನೀರು ಕಂಡ ಮೇಲೆ ಸೆಲ್ಫ್ ಹೊಡೆಯುತ್ತಲೇ ಇರಬಾರದು. ಪಂಪ್ ಮತ್ತು ಇಂಜೆಕ್ಟರ್‌ನ ನಯವಾದ ಭಾಗಗಳಿಗೆ ಡೀಸೆಲ್ಲೇ ಎಣ್ಣೆ. ನೀರು ಹೊಕ್ಕರೆ ಅವು ಸವೆದು ತುಕ್ಕು ಹಿಡಿಯುತ್ತವೆ, ರಿಪೇರಿ ದುಬಾರಿಯಾಗುತ್ತದೆ. ಫಿಲ್ಟರ್ ಬದಲಿಸಿದ ಮೇಲೆ ಪೈಪಿನ ಗಾಳಿ ತೆಗೆಯದಿದ್ದರೆ ಗಾಡಿ ಮತ್ತೆ ನಿಲ್ಲುತ್ತದೆ. ಇದು ಮೆಕ್ಯಾನಿಕ್ ಕೆಲಸ.

ಮುನ್ನೆಚ್ಚರಿಕೆ

ಸಂಜೆಯೇ ಟ್ಯಾಂಕ್ ತುಂಬಿಸಲು ಹೇಳಿ. ಬ್ಯಾರಲ್ ಅನ್ನು ಸೂರಿನಡಿ ಇಡಿ, ತಳದ ನಾಲ್ಕು ಬೆರಳಿನಷ್ಟು ಡೀಸೆಲ್ ಬಳಸಬೇಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಡ್ರೈನ್ ಮಾಡಿಸಿ, ದಿನಾಂಕವನ್ನು ಸಂಘದ ಪುಸ್ತಕದಲ್ಲಿ ಬರೆದಿಡಿ. ಬಂಕ್ ರಸೀದಿ ಜೋಪಾನವಾಗಿರಲಿ.

ಹಾಲಿಗೆ ಡೀಸೆಲ್ ವಾಸನೆ ಬಹಳ ಬೇಗ ಹತ್ತುತ್ತದೆ. ಪರೀಕ್ಷೆಯನ್ನು ಹಾಲಿನ ಕೋಣೆಯಿಂದ ದೂರ ಮಾಡಿ, ಸೋಪು ಹಾಕಿ ಕೈ ತೊಳೆದೇ ಕ್ಯಾನ್ ಮುಟ್ಟಿ. ಹೊರತೆಗೆದದ್ದನ್ನು ದನ ನೀರು ಕುಡಿಯುವ ಕಡೆ ಚೆಲ್ಲಬೇಡಿ. ಆ ಬಾಟಲಿ ಮತ್ತೆ ಅಡುಗೆಮನೆಗೆ ಬರುವುದು ಬೇಡ.

ಗಾಡಿಯ ವಿಷಯ ಗಂಡಸರದ್ದು ಎಂದು ಸುಮ್ಮನಿರಬೇಡಿ. ಗಾಡಿಯಲ್ಲಿ ಹೋಗುವ ಹಾಲು ನಮ್ಮದು. "ಅಣ್ಣಾ, ಈ ವಾರ ಫಿಲ್ಟರ್ ನೀರು ತೆಗೆದಿರಾ?" ಎಂದು ನಾಳೆಯೇ ಕೇಳಿ.