ಕೋಶಕೇಂದ್ರದ ಶೋಧಕ ಜೋಸೆಫ್ ಗಾಲ್

ಗಿಡಮರಗಳ ಮತ್ತು ಪ್ರಾಣಿಗಳ ದೇಹವು ಕೋಶಗಳಿಂದಾಗಿದೆ ಎಂಬುದನ್ನೂ, ಕೋಶದೊಳಗೆ ಸಾಮಾನ್ಯವಾಗಿ ಕೋಶಕೇಂದ್ರವೆಂಬ ಪುಟ್ಟ ಗೋಲವಿರುತ್ತದೆ ಎಂಬುದನ್ನೂ ನಾವು ಶಾಲೆಯಲ್ಲಿಯೇ ಓದಿರುತ್ತೇವೆ. ತಂದೆತಾಯಿಗಳ ಗುಣಗಳನ್ನು ಮಕ್ಕಳಿಗೆ ಒಯ್ಯುವ ವರ್ಣತಂತುಗಳಿರುವುದು ಈ ಗೋಲದಲ್ಲಿ. ಆದರೆ ಮನುಷ್ಯನ ಕೋಶಕೇಂದ್ರದ ಅಡ್ಡಳತೆ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲಿಗಿಂತಲೂ ಕಡಮೆ. ಇಷ್ಟು ಕಿರಿದಾದ ಸಂಪುಟವನ್ನು ತೆರೆದು, ಒಳಗಿನ ಎಳೆಗಳ ರಚನೆಯನ್ನು ಅರಿಯುವುದು ಹೇಗೆ? ಅಮೆರಿಕದ ಜೀವವಿಜ್ಞಾನಿ ಜೋಸೆಫ್ ಗಾಲರು (1928–2024) ಕಂಡುಕೊಂಡ ದಾರಿ ಬಹು ಸರಳವಾದುದು: ನಮಗೆ ಬೇಕಾದುದನ್ನು ನಿಸರ್ಗವು ಯಾವ ಜೀವಿಯಲ್ಲಿ ದೊಡ್ಡದಾಗಿ ಅಥವಾ ಹೇರಳವಾಗಿ ಇಟ್ಟಿದೆಯೋ ಆ ಜೀವಿಯನ್ನೇ ಹುಡುಕಬೇಕು.

ನ್ಯೂಟ್ ಎಂಬುದು ಕಪ್ಪೆಯ ಬಳಗಕ್ಕೆ ಸೇರಿದ, ಬಾಲವುಳ್ಳ ಒಂದು ಉಭಯಚರ. ಬೆಳೆಯುತ್ತಿರುವ ಅದರ ಅಂಡಕೋಶದ ಕೇಂದ್ರವು ಸುಮಾರು ಅರ್ಧ ಮಿಲಿಮೀಟರಿನಷ್ಟಿದ್ದು ಬರಿಗಣ್ಣಿಗೇ ಕಾಣುತ್ತದೆ. ಅದನ್ನು ಚಿಮಟದ ನೆರವಿನಿಂದ ಹೊರತೆಗೆಯಲೂಬಹುದು. ಅದರೊಳಗಿನ ವರ್ಣತಂತುಗಳ ಇಕ್ಕೆಲಗಳಲ್ಲಿಯೂ ಕುಣಿಕೆಗಳು ಸಾಲಾಗಿ ಚಾಚಿರುತ್ತವೆ. ಹಿಂದೆ ಸೀಮೆಎಣ್ಣೆ ದೀಪದ ಗಾಜನ್ನು ಒಳಗಿನಿಂದ ಉಜ್ಜುತ್ತಿದ್ದ ಕುಂಚವನ್ನು ಹೋಲುವುದರಿಂದ, 19ನೆಯ ಶತಮಾನದಲ್ಲಿಯೇ ಇವಕ್ಕೆ ದೀಪಕುಂಚ ವರ್ಣತಂತುಗಳೆಂಬ ಹೆಸರು ಬಂದಿತ್ತು. 1952ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪಡೆದು ಮಿನೆಸೋಟ ವಿಶ್ವವಿದ್ಯಾನಿಲಯಕ್ಕೆ ಬಂದ ಗಾಲರು ಇವುಗಳ ವ್ಯಾಸಂಗದಲ್ಲಿ ತೊಡಗಿದರು.

ಡಿ.ಎನ್.ಎ. ಎಂಬುದು ಎರಡೆಳೆಯ ಸುರುಳಿ ಎಂದು 1953ರಲ್ಲಿ ತಿಳಿದುಬಂದಿತು. ಆದರೆ ಒಂದು ವರ್ಣತಂತುವಿನಲ್ಲಿ ಇಂಥ ಸುರುಳಿ ಒಂದೇ ಇದೆಯೋ, ಹಲವು ಸುರುಳಿಗಳ ಕಟ್ಟೇ ಇದೆಯೋ? ಇದು ಸಣ್ಣ ಪ್ರಶ್ನೆಯಲ್ಲ. ಕಟ್ಟೇ ಆಗಿದ್ದರೆ ಒಂದರಲ್ಲಾದ ಬದಲಾವಣೆಯನ್ನು ಉಳಿದವು ಮರೆಮಾಡಬೇಕಾಗಿತ್ತು; ಆಗ ಆನುವಂಶಿಕ ಮಾರ್ಪಾಟುಗಳು ಹೊರತೋರುವುದೆಂತು?

ಗಾಲರು ಇದನ್ನು ಬಗೆಹರಿಸಿದ ಕ್ರಮವನ್ನು ಒಂದು ಹೋಲಿಕೆಯಿಂದ ತಿಳಿಯೋಣ. ಒಂದು ಸಲಕ್ಕೆ ಒಂದೇ ಎಳೆಯನ್ನು, ಅದೂ ಗೊತ್ತುಗುರಿಯಿಲ್ಲದೆ ಕಡಿಯುವ ಕತ್ತರಿಯೊಂದಿದೆ ಎನ್ನೋಣ. ಒಂಟಿ ಎಳೆಯ ದಾರವು ಪ್ರತಿ ಕಡಿತಕ್ಕೂ ತುಂಡಾಗುವುದು. ಎರಡೆಳೆಯ ಹುರಿ ತುಂಡಾಗಬೇಕಾದರೆ ಎರಡೂ ಎಳೆಗಳು ಒಂದೇ ಕಡೆ ಕಡಿಯಬೇಕು. ಆದುದರಿಂದ ಒಂಟಿ ಎಳೆಯ ತುಂಡುಗಳು ಕಾಲಕ್ಕೆ ಅನುಗುಣವಾಗಿ ಹೆಚ್ಚಿದರೆ, ಎರಡೆಳೆಯವು ಕಾಲದ ವರ್ಗಕ್ಕೂ ನಾಲ್ಕೆಳೆಯವು ನಾಲ್ಕನೆಯ ಘಾತಕ್ಕೂ ಅನುಗುಣವಾಗಿ ಹೆಚ್ಚುತ್ತವೆ. ಗಾಲರ ಕತ್ತರಿಯೆಂದರೆ ಡಿ.ಎನ್.ಎ.ಯನ್ನು ಕಡಿಯುವ ಒಂದು ಕಿಣ್ವ. ಅದನ್ನು ವರ್ಣತಂತುಗಳಿಗೆ ಬೆರೆಸಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಅವರು ತುಂಡುಗಳನ್ನು ಎಣಿಸಿದರು. 1963ರಲ್ಲಿ ಪ್ರಕಟವಾದ ಲೆಕ್ಕದಂತೆ ಕುಣಿಕೆಯು ಎರಡೆಳೆಗೂ, ನಡುವಣ ಅಕ್ಷವು ನಾಲ್ಕೆಳೆಗೂ ಹತ್ತಿರವಾಗಿತ್ತು. ಈ ಹಂತದಲ್ಲಿ ವರ್ಣತಂತುವು ಆಗಲೇ ಇಮ್ಮಡಿಯಾಗಿರುತ್ತದೆ. ಆದ ಕಾರಣ, ಅದರ ಒಂದೊಂದು ಪ್ರತಿಯಲ್ಲಿಯೂ ಇರುವುದು ಒಂದೇ ಸುರುಳಿ!

1964ರಲ್ಲಿ ಯೇಲ್‌ಗೆ ಮರಳಿದ ಗಾಲರ ಪ್ರಯೋಗಶಾಲೆಯಲ್ಲಿ, ಮಹಿಳೆಯರಿಗೆ ವಿಜ್ಞಾನದ ಬಾಗಿಲು ಸುಲಭವಾಗಿ ತೆರೆಯದಿದ್ದ ಆ ದಿನಗಳಲ್ಲಿಯೂ, ಅವರಿಗೆ ಸ್ಥಾನವಿತ್ತು. ಅವರಲ್ಲೊಬ್ಬರಾದ ಮೇರಿ ಲೂ ಪಾರ್ಡ್ಯೂ ಅವರೊಡನೆ ಗಾಲರು, ಕೋಶಕೇಂದ್ರದಲ್ಲಿ ಒಂದು ಜೀನು ಇರುವ ಸ್ಥಳವನ್ನೇ ತೋರಿಸುವ ವಿಧಾನವನ್ನು 1969ರಲ್ಲಿ ಪ್ರಕಟಿಸಿದರು. ಗಾಜಿನ ಮೇಲಿನ ಕೋಶಗಳ ಡಿ.ಎನ್.ಎ. ಎಳೆಗಳನ್ನು ಬಿಡಿಸಿ, ಜೀನಿಗೆ ಹೊಂದುವ ವಿಕಿರಣಶೀಲ ಆರ್.ಎನ್.ಎ.ಯನ್ನು ಸೇರಿಸಿದರೆ ಅದು ತನ್ನ ಜೊತೆಯನ್ನು ಹುಡುಕಿ ಅಂಟಿಕೊಳ್ಳುತ್ತದೆ. ಮೇಲೆ ಲೇಪಿಸಿದ ಛಾಯಾಚಿತ್ರದ ದ್ರವ್ಯ ಅಲ್ಲಿ ಮಾತ್ರ ಕಪ್ಪಾಗುತ್ತದೆ. ಈ ಪ್ರಯೋಗಕ್ಕೆ ಆರಿಸಿದ್ದು ಆಫ್ರಿಕದ ಕ್ಸೆನೋಪಸ್ ಕಪ್ಪೆ. ಬೇಕಾದ ಜೀನು ಅದರ ಅಂಡಕೋಶದಲ್ಲಿ ಸಾವಿರ ಪಟ್ಟು ಹೆಚ್ಚಿರುತ್ತದೆ. ಇಂದು ವಿಕಿರಣಕ್ಕೆ ಬದಲು ಹೊಳೆಯುವ ಬಣ್ಣಗಳನ್ನು ಬಳಸಿ, ಇದೇ ತತ್ತ್ವದಿಂದ ವರ್ಣತಂತುಗಳ ದೋಷಗಳನ್ನು ಆಸ್ಪತ್ರೆಗಳಲ್ಲಿ ಪತ್ತೆಹಚ್ಚುತ್ತಾರೆ.

ಎಳೆಯ ತುದಿಯಲ್ಲೇನಿದೆ? ತುದಿಗಳು ಹೇರಳವಾಗಿ ದೊರೆಯಬೇಕಾದರೆ ಎಳೆಗಳು ಗಿಡ್ಡವಾಗಿಯೂ ಅಸಂಖ್ಯವಾಗಿಯೂ ಇರಬೇಕಲ್ಲವೆ? ಸಿಹಿನೀರಿನ ಏಕಕೋಶಜೀವಿ ಟೆಟ್ರಹೈಮೀನದಲ್ಲಿ ಹಾಗೆಯೇ ಇವೆ. ಅವುಗಳ ತುದಿಯಲ್ಲಿ ಆರು ಅಕ್ಷರಗಳ ಒಂದೇ ಪದವು 20ರಿಂದ 70 ಸಲ ಮರುಕಳಿಸುವುದನ್ನು ಎಲಿಜಬೆತ್ ಬ್ಲಾಕ್‌ಬರ್ನ್ ಮತ್ತು ಗಾಲರು 1978ರಲ್ಲಿ ವರದಿಮಾಡಿದರು. ನಮ್ಮ ವರ್ಣತಂತುಗಳ ತುದಿಗಳನ್ನೂ ಇಂಥದೇ ಪದವೊಂದು ಕಾಯುತ್ತಿದೆ. ಈ ತುದಿಗಳ ಕುರಿತ ಮುಂದಿನ ಸಂಶೋಧನೆಗಾಗಿ ಬ್ಲಾಕ್‌ಬರ್ನ್ ಅವರು ಇತರ ಇಬ್ಬರೊಡನೆ 2009ರ ನೊಬೆಲ್ ಪಾರಿತೋಷಕವನ್ನು ಪಡೆದರು. ಗಾಲರಿಗೆ ಆ ಪಾರಿತೋಷಕ ಬರಲಿಲ್ಲ. 2006ರಲ್ಲಿ ಲಾಸ್ಕರ್ ಪ್ರಶಸ್ತಿ ಸಂದಿತು.

1983ರಲ್ಲಿ ಬಾಲ್ಟಿಮೋರಿನ ಕಾರ್ನೆಗಿ ಸಂಸ್ಥೆಯನ್ನು ಸೇರಿದ ಮೇಲೆಯೂ ಅವರು ಉಭಯಚರಗಳ ಅಂಡಕೋಶವನ್ನು ಬಿಡಲಿಲ್ಲ. ನ್ಯೂಟ್, ಕಪ್ಪೆ, ಏಕಕೋಶಜೀವಿ — ಇವು ಯಾವುವೂ ಮನುಷ್ಯನ ರೋಗಕ್ಕೆ ಸಂಬಂಧಿಸಿದವೆಂದು ಮೊದಲ ನೋಟಕ್ಕೆ ತೋರುವುದಿಲ್ಲ. ಆದರೂ ನಮ್ಮ ಕೋಶಕೇಂದ್ರದ ಬಗೆಗೆ ಇಂದು ನಾವು ತಿಳಿದಿರುವುದರಲ್ಲಿ ಎಷ್ಟೋ ಭಾಗವನ್ನು ಮೊದಲು ತೋರಿಸಿಕೊಟ್ಟವು ಅವೇ.