ಜಾರ್‌ನೊಳಗಿನ ಟೆಂಪ್ಲೇಟ್‌ ಏಕೆ ಸಿಗುತ್ತಿಲ್ಲ?

ನಿಮ್ಮ ಎಕ್ಲಿಪ್ಸ್ ಪ್ಲಗಿನ್ ನಿಮ್ಮಲ್ಲಿ ಸರಿಯಾಗಿ ಓಡಿ, ಬೇರೆಯವರು ಇನ್‌ಸ್ಟಾಲ್ ಮಾಡಿದೊಡನೆ ಟೆಂಪ್ಲೇಟ್ ಸಿಗುತ್ತಿಲ್ಲ ಎನ್ನುವುದಾದರೆ, ತಪ್ಪು ಬಹುಮಟ್ಟಿಗೆ ಪಾತ್‌ನದ್ದೇ. ಕೋಡ್ ಬರೆಯುವಾಗ ಟೆಂಪ್ಲೇಟ್ ಡಿಸ್ಕಿನ ಮೇಲಿನ ನಿಜವಾದ ಫೈಲು. ಇನ್‌ಸ್ಟಾಲ್ ಆದ ಮೇಲೆ ಸಾಮಾನ್ಯವಾಗಿ ಜಾರ್ ಎಂಬ ಜಿಪ್ ಕಡತದೊಳಗಿನ ನಮೂದು ಮಾತ್ರ. ಆಪರೇಟಿಂಗ್ ಸಿಸ್ಟಮ್ಮಿಗೆ ಅದರ ವಿಳಾಸವೇ ತಿಳಿಯದು. ಹಾಗಾಗಿ ಫೈಲ್ ಕ್ಲಾಸ್ ಬಿಡಿ. ಬಂಡಲ್‌ನ ಗೆಟ್‌ಎಂಟ್ರಿಯಿಂದ ಯುಆರ್‌ಎಲ್ ಪಡೆದು ಓಪನ್‌ಸ್ಟ್ರೀಮ್‌ನಿಂದ ಓದಿ. ಅದಕ್ಕೂ ಮೊದಲು ಬಿಲ್ಡ್.ಪ್ರಾಪರ್ಟೀಸ್‌ನ ಬಿನ್.ಇನ್‌ಕ್ಲೂಡ್ಸ್ ಸಾಲಿನಲ್ಲಿ ಟೆಂಪ್ಲೇಟ್ ಇರುವ ಫೋಲ್ಡರ್ ಇದೆಯೇ ನೋಡಿ. ಇಲ್ಲದಿದ್ದರೆ ಅದು ಜಾರ್‌ಗೆ ಸೇರಿಯೇ ಇರುವುದಿಲ್ಲ.

'ನಾನು ಬಳಸುವ ಲೈಬ್ರರಿಗೆ ಫೈಲೇ ಬೇಕಲ್ಲ' ಎಂದು ನೀವು ಕೇಳಬಹುದು. ಆಗ ಫೈಲ್‌ಲೊಕೇಟರ್‌ನ ಟುಫೈಲ್‌ಯುಆರ್‌ಎಲ್ ಬೇಕಾದಷ್ಟನ್ನೇ ಕ್ಯಾಶ್‌ಗೆ ಬಿಡಿಸಿಕೊಡುತ್ತದೆ. ಒಂದು ಟೆಂಪ್ಲೇಟಿಗಾಗಿ ಮ್ಯಾನಿಫೆಸ್ಟ್ ತಿದ್ದಿ ಇಡೀ ಪ್ಲಗಿನ್ನನ್ನು ಫೋಲ್ಡರಾಗಿ ಬಿಚ್ಚಿಡುವುದು ನನಗೆ ಅತಿಯೆನಿಸುತ್ತದೆ.